ಅರ್ಧ ಖಾಲಿ ಬಿಟ್ಟ ಡಿಸ್ಕುಗಳು

ಖಾಲಿ ಜಾಗ ಕಂಡರೆ ಆ ಜನಕ್ಕೆ ತಡೆದುಕೊಳ್ಳಲು ಆಗುವುದಿಲ್ಲ. ನಾರಾಯಣಗೂಡದ ನಮ್ಮ ಕೋಚಿಂಗ್ ಸೆಂಟರಿನಲ್ಲಿ ಮೆಟ್ಟಿಲು ತಿರುಗುವ ಕಡೆ ಒಂದು ಬೆಂಚು ಹಿಡಿಯುವಷ್ಟು ಜಾಗವಿದ್ದರೆ ಅಲ್ಲಿಗೆ ಬೆಂಚು ಬರುತ್ತದೆ, ಬೆಂಚಿನ ಮೇಲೆ ಮೂವರು ಮಕ್ಕಳು ಬರುತ್ತಾರೆ. ಬಾಲ್ಕನಿಗೆ ಪ್ಲೈವುಡ್ ಹೊಡೆದು ಕೆಮಿಸ್ಟ್ರಿ ಕ್ಲಾಸು ಮಾಡಿದ್ದಾರೆ. ಮೇಲೆ ನೀರಿನ ಟ್ಯಾಂಕಿನ ಪಕ್ಕದ ಗೂಡಿಗೆ ಡೌಟು ಪರಿಹರಿಸುವ ಕೋಣೆ ಎಂದು ಬೋರ್ಡು ಹಾಕಿದ್ದಾರೆ. ಮೋಟಾರು ಓಡುವಾಗ ಅಲ್ಲಿ ಮೇಷ್ಟರು ಹೇಳಿದ್ದು ಮಕ್ಕಳಿಗೆ ಕೇಳುವುದಿಲ್ಲ, ಮಕ್ಕಳು ಕೇಳಿದ್ದು ಮೇಷ್ಟರಿಗೆ ಕೇಳುವುದಿಲ್ಲ. ಎರಡೂ ಕಡೆಯವರು ತಲೆಯಾಡಿಸಿ ಎದ್ದು ಬರುತ್ತಾರೆ. ನಾನು ಅಲ್ಲಿಯ ಎಲೆಕ್ಟ್ರಿಷಿಯನ್. ಈ ಎಲ್ಲ ಗೂಡುಗಳಿಗೂ ಫ್ಯಾನು, ಟ್ಯೂಬ್‌ಲೈಟು ಹಾಕಿದವನು ನಾನೇ. ಆದ್ದರಿಂದ ಅವರನ್ನು ಆಡಿಕೊಳ್ಳುವಾಗ ನನ್ನನ್ನೂ ಸ್ವಲ್ಪ ಸೇರಿಸಿಕೊಂಡೇ ಆಡಿಕೊಳ್ಳುತ್ತಿದ್ದೇನೆ.

ನನ್ನ ಹೆಂಡತಿ ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದಳು. ಬೀದರಿನಲ್ಲಿ ಅವಳು ಡಿಗ್ರಿ ಮಾಡಿದ್ದಳು, ನಾನು ಐಟಿಐ. ಹೆಂಡತಿ ಎಸಿ ಕೋಣೆಯಲ್ಲಿ, ಗಂಡ ಏಣಿಯ ಮೇಲೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ನಗುತ್ತಿದ್ದವರಲ್ಲಿ ಅರ್ಧ ಜನಕ್ಕೆ ತಮ್ಮ ಕೋಣೆಯ ಫ್ಯೂಸ್ ಎಲ್ಲಿದೆ ಎಂದೂ ಗೊತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ಒಂಬತ್ತು ದಿನಕ್ಕೆ ತೀರಿಕೊಂಡಳು. ಅವಳು ಹೇಗಿದ್ದಳು ಎಂದು ಬರೆಯಲು ಕುಳಿತರೆ ನನ್ನಿಂದ ಎರಡು ಸಾಲು ಮುಂದೆ ಹೋಗುವುದಿಲ್ಲ. ಅವಳ ಕೆಲಸ ಹೇಗಿತ್ತು ಎಂದು ಬರೆಯಬಲ್ಲೆ. ಅದನ್ನು ಸೆಂಟರಿನವರು ಏನು ಮಾಡಿದರು ಎಂದೂ ಬರೆಯಬಲ್ಲೆ.

ನಮ್ಮ ಮನೆ ಲಿಂಗಂಪಲ್ಲಿಯಲ್ಲಿ. ಬೆಳಿಗ್ಗೆ ಇಬ್ಬರೂ ಲೋಕಲ್ ಟ್ರೇನು ಹತ್ತಿ ಕಾಚಿಗೂಡದಲ್ಲಿ ಇಳಿದು ನಡೆದು ಹೋಗುತ್ತಿದ್ದೆವು. ಲಿಂಗಂಪಲ್ಲಿಯಲ್ಲಿಯೇ ಗಾಡಿ ಹೊರಡುವುದರಿಂದ ಕೂರಲು ಸೀಟು ಸಿಗುತ್ತಿತ್ತು. ಆಫೀಸಿನ ಮಾತೆಲ್ಲ ನಮ್ಮಿಬ್ಬರ ನಡುವೆ ಆ ಸೀಟಿನಲ್ಲಿ ನಡೆದದ್ದೇ. ಮನೆಯಲ್ಲಿ ಅದನ್ನು ಎತ್ತಬಾರದು ಎಂದು ಅವಳೇ ಕಟ್ಟಳೆ ಮಾಡಿದ್ದಳು.

ನಮ್ಮಲ್ಲಿ ಪ್ರತಿ ಭಾನುವಾರ ಪರೀಕ್ಷೆ. ಎಲ್ಲ ಬ್ರಾಂಚುಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಮಕ್ಕಳು ಒಂದೇ ಹೊತ್ತಿಗೆ ಕುಳಿತು ಉತ್ತರ ಒತ್ತುತ್ತಾರೆ. ಒತ್ತಿದ ಪ್ರತಿಯೊಂದು ಉತ್ತರವೂ ಮೂರನೆಯ ಮಹಡಿಯ ಸರ್ವರ್ ಕಪಾಟಿನೊಳಗಿನ ಡಿಸ್ಕಿನಲ್ಲಿ ಬರೆದಾದ ಮೇಲೆಯೇ ಮಗುವಿನ ಮುಂದೆ ಮುಂದಿನ ಪ್ರಶ್ನೆ ಬರಬೇಕು. ಕಪಾಟಿನಲ್ಲಿ ಹನ್ನೆರಡು ಡಿಸ್ಕು. ಒಳಗೆ ತಟ್ಟೆ ತಿರುಗುವ ಹಳೆಯ ಜಾತಿಯವು. ತಿರುಗದ ಹೊಸ ಜಾತಿಯದನ್ನು ತರಿಸಿರೆಂದು ಅವಳು ಎರಡು ಸಲ ಬರೆದುಕೊಟ್ಟಿದ್ದಳು. ಎರಡು ಸಲವೂ ಅವರು ರ‍್ಯಾಂಕು ಬಂದ ಮಕ್ಕಳ ಮುಖ ಹಾಕಿದ ಹೋರ್ಡಿಂಗ್ ನಿಲ್ಲಿಸಿದರು.

ಆ ಹನ್ನೆರಡರಲ್ಲಿ ಎರಡನ್ನು ಅವಳು ಬೇರೆಯೇ ಇಟ್ಟಿದ್ದಳು. ಅವುಗಳ ಹತ್ತು ಪಾಲಿನಲ್ಲಿ ಒಂದು ಪಾಲೂ ತುಂಬಿರಲಿಲ್ಲ. ಜೋಡಿ ಜೋಡಿಯಾಗಿ ಇಟ್ಟ ಉಳಿದವುಗಳನ್ನೂ ಅರ್ಧಕ್ಕಿಂತ ಹೆಚ್ಚು ತುಂಬಲು ಬಿಡುತ್ತಿರಲಿಲ್ಲ. ಯಾಕೆ ಎಂದು ನಾನು ಒಂದು ದಿನ ಟ್ರೇನಿನಲ್ಲಿ ಕೇಳಿದೆ.

“ಸರ್ವರಿನ್ಯಾಗ ಒಂದು ರೋಜನಾಮೆ, ಅಂದ್ರ ದಿನದ ಲೆಕ್ಕದ ವಹಿ, ಐತಿ ಅಂತ ತಿಳ್ಕೋರಿ,” ಎಂದಳು. “ಹುಡುಗ ಉತ್ತರ ಒತ್ತಿದ ಕೂಡಲೆ ಮೊದಲು ಆ ರೋಜನಾಮೆದಾಗ ಒಂದು ಸಾಲು ಬರೀತದ. ಬರದ ಮ್ಯಾಲೇ ಹುಡುಗಗ ಹೂಂ ಅಂತದ. ಆಮ್ಯಾಲೆ ಸಾವಕಾಶ ಆ ಉತ್ತರ ಅದರದರ ಜಾಗಕ್ಕ ಹೋಗ್ತದ. ಅಂದ್ರ ರೋಜನಾಮೆ ಎಷ್ಟು ಜಲ್ದಿ ಬರೀತದೋ ಅಷ್ಟು ಜಲ್ದಿ ಪರೀಕ್ಷಾ ನಡೀತದ.”

“ಅದಕ್ಕ ಎರಡು ಡಿಸ್ಕು ಯಾಕ?”

“ಎರಡೂ ಅದನ್ನೇ ಬರೀತಾವ. ಒಂದು ಸತ್ತರ ಇನ್ನೊಂದು ಇರ್ತದ.”

“ಖರೆ. ಆದ್ರ ಇಷ್ಟು ಖಾಲಿ ಇಡೋದು ದಂಡ ಅಲ್ಲೇನು?”

“ನನಗ ಜಾಗ ಬೇಕಾಗಿಲ್ರೀ, ಕೈ ಬೇಕಾಗೈತಿ. ಡಿಸ್ಕಿನೊಳಗ ಬರೆಯೋ ಕೈ ಒಂದೇ. ರೋಜನಾಮೆ ಬರೆಯೋ ಕೈ ಒಂದ ಹಾಳ್ಯಾಗ ಸಾಲಿನ ಕೆಳಗ ಸಾಲು ಬರಕೋತ ಹೋಗ್ತದ, ಪೆನ್ನು ಎತ್ತೋ ಕೆಲಸಿಲ್ಲ. ಅದೇ ಕೈಗೆ ನಡುವ ಇನ್ನೊಂದು ವಹಿ ಕೊಟ್ರ? ಇಲ್ಲೊಂದು ಸಾಲು, ಅಲ್ಲೊಂದು ಸಾಲು. ಬರೆಯೋದಕ್ಕಿಂತ ಹಾಳಿ ತಿರುವೋದೇ ಹೆಚ್ಚಾಗ್ತದ.”

“ನಮ್ಮ ಮ್ಯಾನೇಜರಗ ಗೊತ್ತಾದ್ರ ಅಲ್ಲೂ ಮೂರು ಬೆಂಚು ಹಾಕಸ್ತಾನ,” ಎಂದೆ.

ಅವಳು ಜೋರಾಗಿ ನಕ್ಕಳು. ಎದುರಿಗೆ ಕೂತ ಹೆಂಗಸು ಮೊಬೈಲಿನಿಂದ ತಲೆಯೆತ್ತಿ ನೋಡಿದಳು.

ಈ ಮ್ಯಾನೇಜರು ರಾಯಚೂರು ಕಡೆಯವನು. ಆಡಳಿತವೆಲ್ಲ ಅವನ ಕೈಯಲ್ಲಿ. ಕೆಲಸ ಆಗಬೇಕಾದಾಗ ನಮ್ಮೊಂದಿಗೆ ಕನ್ನಡ ಆಡುತ್ತಾನೆ, ಬೈಯಬೇಕಾದಾಗ ಹಿಂದಿ, ಡೈರೆಕ್ಟರರ ಮುಂದೆ ತೆಲುಗು. ಎರಡು ವರ್ಷದ ಹಿಂದೆ ಅವನು ಸರ್ವರಿನ ಪರದೆಯ ಮೇಲೆ ಡಿಸ್ಕುಗಳ ಪಟ್ಟಿ ನೋಡಿದ. ಎಷ್ಟು ತುಂಬಿದೆ ಎಂದು ತೋರಿಸುವ ನೀಲಿ ಗೆರೆ ಚಿಕ್ಕದು, ಉಳಿದದ್ದೆಲ್ಲ ಬಿಳಿ. ಅವನ ಮುಖ ಖಾಲಿ ಬೆಂಚು ಕಂಡಾಗ ಆಗುವಂತೆ ಆಯಿತು. ಎಲ್ಲ ಡಿಸ್ಕುಗಳನ್ನೂ ಒಂದೇ ಗುಂಪು ಮಾಡಿಬಿಡಿ, ಒಂದು ಡಿಸ್ಕು ಕೆಟ್ಟರೆ ಅದರಲ್ಲಿದ್ದುದನ್ನು ಮತ್ತೆ ಕಟ್ಟಿಕೊಡುವ ಕಾವಲಿನ ಲೆಕ್ಕಕ್ಕೆ ಒಂದು ಡಿಸ್ಕಿನಷ್ಟು ಜಾಗ ಮಾತ್ರ ಹೋಗುತ್ತದೆ, ಉಳಿದದ್ದೆಲ್ಲ ನಮ್ಮದಾಗುತ್ತದೆ ಎಂದು ಎಲ್ಲೋ ಕೇಳಿ ಬಂದು ಹೇಳಿದ.

“ಹಂಗ ಮಾಡಿದ್ರ ಒಂದು ಸಣ್ಣ ಉತ್ತರ ಬರೀಲಿಕ್ಕ ನಾಕು ಸಲ ಕೈ ಎತ್ತಬೇಕಾಗ್ತದ ಸರ್,” ಎಂದು ಅವಳು ಹೇಳಿದಳು. “ಹಳೇದನ್ನ ಓದಬೇಕು, ಕಾವಲಿನ ಲೆಕ್ಕ ಓದಬೇಕು, ಮತ್ತ ಎರಡನ್ನೂ ಹೊಸದಾಗಿ ಬರೀಬೇಕು. ಓದೋ ಕೆಲಸಕ್ಕ ಅದು ನಡೀತದ. ನಮ್ಮದು ಬರೆಯೋ ಕೆಲಸ.”

“ನೀವು ಭಾಳ ಓದೀರಿ ಬಿಡ್ರಿ ಮೇಡಂ,” ಎಂದ ಅವನು.

ಅವಳು ಜಗಳವಾಡಲಿಲ್ಲ. ಒಂದು ಬುಧವಾರ ಒಂದು ಹಳೆಯ ಸರ್ವರಿನ ಮೇಲೆ ಎರಡೂ ರೀತಿ ಮಾಡಿ, ಲ್ಯಾಬಿನ ಅಷ್ಟೂ ಕಂಪ್ಯೂಟರುಗಳನ್ನು ನನ್ನಿಂದ ಹಚ್ಚಿಸಿ, ಡೈರೆಕ್ಟರರನ್ನು ಕರೆದು ತೋರಿಸಿದಳು. ಒಂದೇ ಗುಂಪಿನಲ್ಲಿ ಪ್ರಶ್ನೆ ಬದಲಾಗಲು ಕಾಯಬೇಕಾಯಿತು. ಅವಳ ರೀತಿಯಲ್ಲಿ ಬೆರಳು ಎತ್ತುವುದರೊಳಗೆ ಬದಲಾಯಿತು. ಡೈರೆಕ್ಟರರು ಹೂಂ ಎಂದು ಹೋದರು. ಅಂದಿನಿಂದ ಮ್ಯಾನೇಜರನ ಬಾಯಲ್ಲಿ ಅವಳ ಹೆಸರು ‘ಖಾಲಿ ಡಿಸ್ಕಿನ ಮೇಡಂ’ ಆಯಿತು. ಸೋತ ಮನುಷ್ಯ ಅಡ್ಡಹೆಸರಿಡುವುದರಲ್ಲಿ ಗೆಲ್ಲುತ್ತಾನೆ.

ಅವಳ ಕೆಲಸದಲ್ಲಿ ನನ್ನ ಪಾಲು ಒಂದೇ ಒಂದು ಇತ್ತು. ಡಿಸ್ಕುಗಳೆಲ್ಲ ಸಿಕ್ಕಿಸಿಕೊಂಡ ಕಾರ್ಡಿನಲ್ಲಿ ಸಣ್ಣದೊಂದು ಬ್ಯಾಟರಿ ಇದೆ. ಕರೆಂಟು ಹೋದರೂ ಅರ್ಧ ಬರೆದದ್ದು ಕಳೆಯದಂತೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಟರಿ ಸೋತರೆ ಕಾರ್ಡಿಗೆ ಧೈರ್ಯ ಹೋಗಿ ಪ್ರತಿ ಸಾಲಿಗೂ ಡಿಸ್ಕಿನ ಮುಖ ನೋಡುತ್ತ ಕೂರುತ್ತದಂತೆ. ತಿಂಗಳಿಗೊಮ್ಮೆ ಅದನ್ನು ನನಗೆ ತೋರಿಸಿ, “ನೋಡ್ರಿ, ನಿಮ್ಮ ಡಿಪಾರ್ಟ್‌ಮೆಂಟು,” ಎನ್ನುತ್ತಿದ್ದಳು.

ಅವಳು ತೀರಿಕೊಂಡ ಮೂರನೆಯ ದಿನ, ಕರ್ಮಕ್ಕೆಂದು ಬೀದರಿಗೆ ಹೋಗಿದ್ದ ನನಗೆ ಮ್ಯಾನೇಜರನ ಫೋನು ಬಂತು. ನಾನು ಅಂಗಳದಲ್ಲಿ ನಿಂತಿದ್ದೆ.

“ಸುದ್ದಿ ಕೇಳಿ ಭಾಳ ಕೆಟ್ಟನಿಸ್ತಪಾ. ದೇವರು ಧೈರ್ಯ ಕೊಡ್ಲಿ. ಆ ಪಾಸ್‌ವರ್ಡಿನ ನೋಟ್‌ಬುಕ್ಕು ಎಲ್ಲಿ ಇಡ್ತಿದ್ರು ಅವರು?”

ನಡುವೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ. ನಾನು ಹೇಳಿದೆ. ಅವಳ ಮೇಜಿನ ಪಕ್ಕದ ಕಪಾಟಿನ ಎರಡನೆಯ ಖಾನೆ, ಬೀಗದ ಕೈ ಎಸಿಯ ಸ್ಟೆಬಿಲೈಸರಿನ ಮೇಲೆ. ನಾನು ಬಂದ ಮೇಲೆ ಕೊಡುತ್ತೇನೆ ಎನ್ನಬಹುದಿತ್ತು. ಕೇಳಿದವನಿಗೆ ಬೇಗ ಹೇಳಿ ಮುಗಿಸಿದರೆ ಸಾಕಾಗಿತ್ತು ನನಗೆ. ಅವನ ಬಗ್ಗೆ ಎಷ್ಟು ಹೇಸಿಗೆಯಿದೆಯೋ ಅಂದು ಅಂಗಳದಲ್ಲಿ ನಿಂತಿದ್ದ ನನ್ನ ಬಗ್ಗೆಯೂ ಅಷ್ಟೇ ಇದೆ.

ದಿನಕರ್ಮ ಮುಗಿಸಿ ಹದಿನೈದನೆಯ ದಿನ ಕೆಲಸಕ್ಕೆ ಹೋದೆ. ಸ್ಟಾಫ್ ರೂಮಿನಲ್ಲಿ ಅವಳ ಫೋಟೊದ ಫ್ಲೆಕ್ಸು ಕಟ್ಟಿದ್ದರು. ರ‍್ಯಾಂಕು ಬಂದ ಮಕ್ಕಳ ಫ್ಲೆಕ್ಸು ಮಾಡುವವನೇ ಮಾಡಿದ್ದ, ಅದೇ ಬಂಗಾರದ ಬಣ್ಣದ ಅಂಚು. ಮಗುವಿನ ರ‍್ಯಾಂಕು ಬರೆಯುವ ದುಂಡಗಿನ ಹಳದಿ ಚುಕ್ಕೆಯನ್ನು ತೆಗೆಯಲು ಮರೆತಿದ್ದ. ಅವಳ ಮುಖದ ಕೆಳಗೆ ಆ ಚುಕ್ಕೆ ಏನೂ ಬರೆಯದೆ ಹಾಗೇ ಇತ್ತು. ಇಡೀ ಸಿಬ್ಬಂದಿ ಅದರ ಮುಂದೆ ಎರಡು ನಿಮಿಷ ಮೌನ ನಿಂತಿತ್ತಂತೆ. ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಾನು ಏಣಿ ತಂದು ಬಿಚ್ಚಿದೆ.

ಅದೇ ದಿನ ಎರಡನೆಯ ಮಹಡಿಯಲ್ಲಿ ಇನ್ನೊಂದು ಬದಲಾವಣೆ ಕಂಡಿತು. ಲ್ಯಾಬುಗಳ ಕ್ಯಾಮೆರಾಗಳ ಚಿತ್ರ ಉಳಿಸುವ ಪೆಟ್ಟಿಗೆ ಅಲ್ಲಿ ಇತ್ತು. ಅದರಲ್ಲಿ ಒಂದು ವಾರದ ಚಿತ್ರ ಮಾತ್ರ ಹಿಡಿಯುತ್ತಿತ್ತು. ಎರಡು ತಿಂಗಳದ್ದು ಬೇಕೆಂದು ಡೈರೆಕ್ಟರರು ಕೇಳುತ್ತಿದ್ದರು. ಆ ಪೆಟ್ಟಿಗೆ ಈಗ ಇರಲಿಲ್ಲ. ವೈರುಗಳು ಗೋಡೆ ಹತ್ತಿ ಮೂರನೆಯ ಮಹಡಿಗೆ, ಸರ್ವರ್ ಕೋಣೆಗೆ ಹೋಗಿದ್ದವು. ಕ್ಲಿಪ್ಪುಗಳನ್ನು ಗೇಣಿಗೊಂದು ಹೊಡೆಯುವ ಬದಲು ಮಾರುದ್ದಕ್ಕೊಂದು ಹೊಡೆದಿದ್ದರು. ಯಾರ ಕೆಲಸವೆಂದು ಕೇಳಿದಾಗ, ಸರ್ವರಿನ ನಿಗಾಕ್ಕೆ ಹೊರಗಿನ ಕಂಪನಿಯೊಂದರಿಂದ ಎಂಜಿನಿಯರ್ ಬರುತ್ತಿದ್ದಾನೆ ಎಂದರು.

ಹೀಗೆ ಬದಲಾದ ಮೇಲಿನ ಮೊದಲ ಭಾನುವಾರವೇ ಪರೀಕ್ಷೆ ಕಟ್ಟಿಕೊಂಡಿತು. ಮಕ್ಕಳು ಉತ್ತರ ಒತ್ತಿ ಪರದೆ ನೋಡುತ್ತ ಕೂತರು. ಮುಂದಿನ ಪ್ರಶ್ನೆ ಬರುವುದರೊಳಗೆ ನೀರು ಕುಡಿದು ಬರಬಹುದಿತ್ತು. ಒಂದು ಹುಡುಗಿ, ಉತ್ತರ ಹೋಯಿತೋ ಇಲ್ಲವೋ ತಿಳಿಯದೆ, ಅಳುತ್ತ ಅದನ್ನೇ ಮತ್ತೆ ಮತ್ತೆ ಒತ್ತುತ್ತಿದ್ದಳು. ನಾನು ಮೊದಲು ನನ್ನ ಬ್ಯಾಟರಿಯ ಮೇಲೆಯೇ ಸಂಶಯಪಟ್ಟು ಮೇಲೆ ಓಡಿದೆ. ಅದು ಸರಿಯಾಗಿತ್ತು. ಡಿಸ್ಕುಗಳ ಕಡೆ ನೋಡಿದೆ. ಅವಳ ರೋಜನಾಮೆಯ ಎರಡು ಡಿಸ್ಕುಗಳ ದೀಪ ಸಾಮಾನ್ಯವಾಗಿ ಸಣ್ಣಗೆ ಮಿನುಗುತ್ತವೆ. ಅಂದು ಆರದೆ ಉರಿಯುತ್ತಿದ್ದವು. ಕಿವಿಗೊಟ್ಟರೆ ಒಳಗೆ ಕರಕರ ಸದ್ದು.

ಎಂಜಿನಿಯರ್ ಅಲ್ಲೇ ಇದ್ದ. ನಡುವಯಸ್ಸಿನವನು, ಎರಡು ಕೈಯಲ್ಲಿ ಎರಡು ಫೋನು. ಕ್ಯಾಮೆರಾ ಚಿತ್ರ ಎಲ್ಲಿ ಉಳಿಸುತ್ತಿದ್ದೀರಿ ಎಂದು ಕೇಳಿದೆ. ಅವನು ಗದ್ದದಿಂದಲೇ ಆ ಎರಡು ಡಿಸ್ಕುಗಳ ಕಡೆ ತೋರಿಸಿದ.

“ಜಗಾ ಖಾಲಿ ಥೀ ಭಯ್ಯಾ, ಡಾಲ್ ದಿಯಾ,” ಎಂದ. ಜಾಗ ಖಾಲಿ ಇತ್ತು, ಹಾಕಿದೆ. ಕಸದ ತೊಟ್ಟಿಯ ಬಗ್ಗೆಯಾದರೂ ಮನುಷ್ಯ ಇದಕ್ಕಿಂತ ಎರಡು ಮಾತು ಹೆಚ್ಚು ಯೋಚಿಸುತ್ತಾನೆ.

ಸೋಮವಾರ ಮ್ಯಾನೇಜರನ ಹತ್ತಿರ ಹೋದೆ.

“ಸರ್, ಕ್ಯಾಮೆರಾದ್ದು ಆ ಡಿಸ್ಕಿನಿಂದ ತಗಸ್ರಿ. ಅದು ಪರೀಕ್ಷಾ ಬರೆಯೋ ಡಿಸ್ಕು. ಅದರಾಗ ಇನ್ನೊಂದು ಇಟ್ರ ಹಿಂಗೇ ಆಗ್ತದ.”

“ಯಾರು ಹೇಳಿದ್ರು?”

“ನನ್ನ ಹೆಂಡತಿ ಹೇಳಿದ್ಲು.”

ಅವನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಸತ್ತವರ ಮಾತು ಬಂದಾಗ ಎಷ್ಟು ಹೊತ್ತು ಕೆಳಗಿಡಬೇಕೋ ಅಷ್ಟೇ ಹೊತ್ತು.

“ನೋಡಪಾ, ವೈರಿನ ಮಾತು ನೀ ಹೇಳು, ಕೇಳ್ತೀನಿ. ಡಿಸ್ಕಿನ ಮಾತು ಎಂಜಿನಿಯರ್ ಹೇಳ್ತಾನ. ಇನ್ನೂ ದುಃಖದಾಗ ಇದ್ದೀ. ಬೇಕಾದ್ರ ಎರಡು ದಿನ ರಜಾ ತಗೋ.”

ಬುಧವಾರ ಎಲ್ಲ ಬ್ರಾಂಚುಗಳಿಗೂ ಅವನ ಇ-ಮೇಲ್ ಹೋಯಿತು. ನೋಟೀಸು ಬೋರ್ಡಿಗೂ ಅದನ್ನು ಅಂಟಿಸಿದರು. ಅದರಲ್ಲಿ ಒಂದು ಸಾಲು ಹೀಗಿತ್ತು: ಹಿಂದಿನ ಇನ್‌ಚಾರ್ಜ್ ಮಾಡಿದ್ದ ತಪ್ಪು ಡಿಸ್ಕ್ ವ್ಯವಸ್ಥೆಯಿಂದ ಭಾನುವಾರದ ಪರೀಕ್ಷೆಗೆ ತೊಂದರೆಯಾಗಿದ್ದು, ಅದನ್ನು ಸರಿಪಡಿಸಲಾಗುತ್ತಿದೆ.

ನಾನು ಅದನ್ನು ಬೋರ್ಡಿನ ಮುಂದೆ ನಿಂತು ಓದಿದೆ. ಇಂಗ್ಲಿಷಿನಲ್ಲಿದ್ದುದರಿಂದ ಎರಡು ಸಲ ಓದಬೇಕಾಯಿತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಅಲ್ಲಿ ಹಿಂದೆ ಇದ್ದ ಇನ್‌ಚಾರ್ಜ್ ಒಬ್ಬಳೇ. ಆರು ವರ್ಷದಲ್ಲಿ ಅವಳ ಸರ್ವರಿನಿಂದ ಒಂದು ಭಾನುವಾರದ ಪರೀಕ್ಷೆಯೂ ನಿಂತದ್ದಿಲ್ಲ. ಅವಳ ಕೆಲಸದ ಬಗ್ಗೆ ಆ ಆಫೀಸು ಬರೆದ ಮೊದಲ ಸಾಲು ಇದು. ತಪ್ಪು ಎಂದು. ಅವಳು ಬದುಕಿದ್ದರೆ ಇನ್ನೊಂದು ಬುಧವಾರ ಲ್ಯಾಬು ಹಚ್ಚಿಸಿ ತೋರಿಸುತ್ತಿದ್ದಳು. ಆ ಸಾಲು ಹೋಗಬೇಕು. ನನಗೆ ಬೇರೇನೂ ಬೇಕಾಗಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಅದೇ. ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾಗಿತ್ತು. ಮೇಷ್ಟರುಗಳು ಕಾರಿಡಾರಿನಲ್ಲಿ ನಿಂತು ಬೈಯುತ್ತಿದ್ದರು. ಎಂಜಿನಿಯರ್ ಅಂದು ಬಂದಿರಲಿಲ್ಲ, ಫೋನಿನಲ್ಲಿ ಇದ್ದ. ಮ್ಯಾನೇಜರು ಅವನಿಗೆ ಸರ್ವರ್ ನೋಡು, ಸರ್ವರ್ ನೋಡು ಎನ್ನುತ್ತಿದ್ದ. ನಾನು ಎರಡನೆಯ ಮಹಡಿಗೆ ಹೋದೆ. ಡಿಸ್ಕಿನ ಮಾತು ನಾನು ಹೇಳಬಾರದು. ಆದರೆ ಕ್ಯಾಮೆರಾಗಳಿಗೆ ಹೋಗುವ ಕರೆಂಟು ನನ್ನದು. ಬೋರ್ಡಿನಲ್ಲಿ ಅದರ ಸ್ವಿಚ್ಚಿಗೆ ಚೀಟಿ ಅಂಟಿಸಿದವನೂ ನಾನೇ. ಕೆಳಗೆ ಎಳೆದೆ.

ಐದು ನಿಮಿಷವೂ ಆಗಿರಲಿಲ್ಲ. ಕಾರಿಡಾರಿನ ಬೈಗುಳ ನಿಂತಿತು. ಲ್ಯಾಬಿನ ಬಾಗಿಲಲ್ಲಿ ಇಣುಕಿದರೆ ಮಕ್ಕಳ ತಲೆ ಬಗ್ಗಿತ್ತು, ಬೆರಳು ಓಡುತ್ತಿದ್ದವು. ಮ್ಯಾನೇಜರು ಫೋನಿನಲ್ಲಿ ಎಂಜಿನಿಯರನಿಗೆ, “ಶಭಾಷ್, ಕ್ಯಾ ಹಾಥ್ ಹೈ ತುಮ್ಹಾರಾ!” ಎಂದ. ಏನು ಕೈಯಯ್ಯಾ ನಿನ್ನದು ಎಂದು. ಅವನೂ ಥ್ಯಾಂಕ್ಸ್ ಎಂದನಂತೆ. ಅವನು ಏನು ಮಾಡಿದ್ದ ಎಂದು ಅವನಿಗೂ ಗೊತ್ತಿರಲಿಲ್ಲ, ಹೊಗಳಿದವನಿಗೂ ಗೊತ್ತಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸ್ವಿಚ್ಚು ಮೇಲೆತ್ತಿ, ನಾನೇ ಹೋಗಿ ಹೇಳಿದೆ.

“ಸರ್, ನಾ ಕ್ಯಾಮೆರಾ ಬಂದ್ ಮಾಡಿದ್ದೆ. ಅದಕ್ಕ ಪರೀಕ್ಷಾ ನಡೀತು.”

ಅವನ ಕನ್ನಡ ಅಲ್ಲಿಗೇ ನಿಂತಿತು. “ಎಗ್ಜಾಮ್ ಮೇ ಕ್ಯಾಮೆರಾ ಬಂದ್ ಕಿಯಾ? ಪಾಗಲ್ ಹೋ ಕ್ಯಾ?” ಎಂದು ಶುರುಮಾಡಿದ. ಮಕ್ಕಳು ನಕಲು ಹೊಡೆದಿದ್ದರೆ ಯಾರು ಹೊಣೆ, ಪಾಲಕರು ಚಿತ್ರ ಕೇಳಿದರೆ ಏನು ತೋರಿಸುವುದು, ನಿನ್ನ ಹೆಂಡತಿ ಸತ್ತಳೆಂದು ಎಷ್ಟು ದಿನ ಸಹಿಸುವುದು. ಮಂಗಳವಾರ ಮೆಮೊ ಕೊಟ್ಟ. ಪರೀಕ್ಷೆಯ ಹೊತ್ತಿನಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ನಿಲ್ಲಿಸಿದ್ದೇಕೆ, ಲಿಖಿತ ಉತ್ತರ ಕೊಡತಕ್ಕದ್ದು.

ಕೊಟ್ಟು, ಕಾರಿಡಾರಿನಲ್ಲಿ ಹಿಂದೆ ಬಂದು ಹೆಗಲ ಮೇಲೆ ಕೈಯಿಟ್ಟ. ಕನ್ನಡ ಮರಳಿತ್ತು. “ತಪ್ಪಾತು, ಇನ್ನ ಮ್ಯಾಲೆ ಮಾಡಂಗಿಲ್ಲ ಅಂತ ಎರಡು ಸಾಲು ಬರಕೊಡು, ಮುಗೀತು. ನಾವು ನಾವು ಒಂದು ಕಡೀ ಮಂದಿ.”

ನಾನು ಎರಡು ಸಾಲಲ್ಲ, ಎರಡು ಹಾಳೆ ಬರೆದೆ. ಎರಡು ಸಂಜೆ ಹಿಡಿಯಿತು. ನನ್ನ ಇಂಗ್ಲಿಷು ಸಾಮಾನಿನ ಚೀಟಿ ಬರೆಯುವಷ್ಟು. ಅಷ್ಟರಲ್ಲೇ ಬರೆದೆ. ಉತ್ತರ ಮೊದಲು ರೋಜನಾಮೆಗೆ ಹೋಗುತ್ತದೆ ಎಂದು ಬರೆದೆ. ಅದಕ್ಕೆ ಬೇರೆ ಎರಡು ಡಿಸ್ಕು ಯಾಕೆ, ಅವುಗಳಲ್ಲಿ ಬೇರೇನೂ ಯಾಕೆ ಇಡಬಾರದು, ಉಳಿದ ಡಿಸ್ಕುಗಳನ್ನು ಜೋಡಿ ಜೋಡಿಯಾಗಿ ಯಾಕೆ ಇಟ್ಟಿದೆ, ಒಂದೇ ಗುಂಪು ಯಾಕೆ ಮಾಡಿಲ್ಲ, ಎಲ್ಲದರ ಇನ್ನೊಂದು ಪ್ರತಿ ಉಳಿಸುವ ಪೆಟ್ಟಿಗೆ ಬೇರೆ ಮಹಡಿಯಲ್ಲಿ ಯಾಕೆ, ಕಾರ್ಡಿನ ಬ್ಯಾಟರಿಯನ್ನು ಯಾರು ಯಾವಾಗ ನೋಡಬೇಕು. ಟ್ರೇನಿನಲ್ಲಿ ಅವಳು ಹೇಳಿದ ಒಂದೊಂದೂ ಅದರಲ್ಲಿ ಬಂತು. ಪ್ರತಿ ಅಂಶದ ಮುಂದೆಯೂ, ಇದನ್ನು ಹೀಗೆ ಮಾಡಿದವರು ಹಿಂದಿನ ಇನ್‌ಚಾರ್ಜ್, ಇದು ಸರಿಯಾಗಿದೆ ಎಂದು ಬರೆದೆ. ಅದೇ ಮಾತನ್ನು ಏಳು ಸಲ ಬರೆದಿದ್ದೆ. ಕ್ಷಮೆ ಕೇಳಲಿಲ್ಲ.

ಮ್ಯಾನೇಜರು ಓದಿ ಹಾಳೆಗಳನ್ನು ಹರಿಯಬಹುದು ಎನಿಸಿ, ಅವನಿಗೆ ಕೊಡದೆ ಆವಕ ವಿಭಾಗದ ಗುಮಾಸ್ತೆಗೆ ಕೊಟ್ಟು ಸೀಲು ಹಾಕಿಸಿದೆ. ಗುರುವಾರ ಡೈರೆಕ್ಟರರು ಕರೆಸಿದರು. ಮ್ಯಾನೇಜರು, ಎಂಜಿನಿಯರ್ ಇಬ್ಬರೂ ಅಲ್ಲಿದ್ದರು. ಡೈರೆಕ್ಟರರು ಮೊದಲು ಫಿಸಿಕ್ಸ್ ಮೇಷ್ಟರಾಗಿದ್ದವರು. ಈಗ ಹೋರ್ಡಿಂಗಿನಲ್ಲಿ ಕೈಕಟ್ಟಿ ನಿಲ್ಲುವುದೇ ಅವರ ಮುಖ್ಯ ಕೆಲಸ. ತೆಲುಗಿನಲ್ಲಿ ಕೇಳಿದರು.

“ಇವನು ಬರೆದದ್ದು ನಿಜವೇನಯ್ಯಾ?”

ಎಂಜಿನಿಯರ್ ತನ್ನ ಲ್ಯಾಪ್‌ಟಾಪಿನಲ್ಲಿ ಭಾನುವಾರದ ಗೆರೆ ತೆಗೆದು ತೋರಿಸಿದ. ಪ್ರತಿ ಸಾಲು ಬರೆಯಲು ಡಿಸ್ಕು ಎಷ್ಟು ಕಾಯಿಸಿತು ಎನ್ನುವ ಗೆರೆ. ಅರ್ಧ ಗಂಟೆ ಗೋಪುರದಂತೆ ಮೇಲಿತ್ತು. ನಾನು ಸ್ವಿಚ್ಚು ಎಳೆದ ನಿಮಿಷಕ್ಕೆ ನೆಲಕ್ಕೆ ಬಿದ್ದಿತ್ತು. ಡೈರೆಕ್ಟರರು ಅದನ್ನು ಉತ್ತರ ಪತ್ರಿಕೆ ನೋಡುವಂತೆ ನೋಡಿದರು.

“ನಿಜ ಸಾರ್,” ಎಂದ ಎಂಜಿನಿಯರ್. “ಮ್ಯಾನೇಜರ್ ಸಾರ್ ಹಾಕು ಅಂದರು, ಹಾಕಿದೆ.”

“ಇಲ್ಲಿ ಏನೂ ಇಡಬಾರದು ಎಂದು ಆಕೆ ಎಲ್ಲೂ ಬರೆದಿರಲಿಲ್ಲವೇ?”

ನಾನು ಮೇಜಿನ ಮೇಲಿದ್ದ ಅವಳ ನೋಟ್‌ಬುಕ್ಕನ್ನು ತೆರೆದೆ. ಪಾಸ್‌ವರ್ಡುಗಳು ಇಂಗ್ಲಿಷಿನಲ್ಲಿದ್ದವು. ಪ್ರತಿಯೊಂದರ ಕೆಳಗೆ ಕಾರಣ ಮಾತ್ರ ಕನ್ನಡದಲ್ಲಿ. ಅವಳು ಯೋಚಿಸುತ್ತಿದ್ದುದು ಅದರಲ್ಲೇ. ಆ ಎರಡು ಡಿಸ್ಕುಗಳ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಇವುಗಳಲ್ಲಿ ಬೇರೆ ಏನನ್ನೂ ಇಡಬಾರದು, ಖಾಲಿ ಕಂಡರೂ ಇಡಬಾರದು.’ ಓದಿ ತೆಲುಗಿನಲ್ಲಿ ಹೇಳಿದೆ.

ಡೈರೆಕ್ಟರರು ಮ್ಯಾನೇಜರನ ಕಡೆ ತಿರುಗಿದರು. “ನೀನು ರಾಯಚೂರಿನವನಲ್ಲವಾ? ಓದಲಿಲ್ಲವಾ ಇದನ್ನು?”

“ಕನ್ನಡ ಬಿಟ್ಟು ಬಹಳ ವರ್ಷವಾಯಿತು ಸಾರ್,” ಎಂದ ಮ್ಯಾನೇಜರು, ತೆಲುಗಿನಲ್ಲಿ. “ಅಕ್ಷರ ಮರೆತುಹೋಗಿದೆ.”

ಎಂಜಿನಿಯರ್ ನಕ್ಕು ಫೋನು ನೋಡಿಕೊಂಡ. ಮ್ಯಾನೇಜರನ ಮೇಜಿನ ಡ್ರಾಯರಿನಲ್ಲಿ ದಿನವೂ ಕನ್ನಡ ಪೇಪರು ಇರುವುದು ನನಗೆ ಗೊತ್ತು. ಅಲ್ಲಿನ ಪ್ಲಗ್ಗು ರಿಪೇರಿ ಮಾಡುವಾಗ ನೋಡಿದ್ದೇನೆ. ಹೇಳಲಿಲ್ಲ. ಊರಿನ ಅಕ್ಷರವನ್ನು ಮುಚ್ಚಿಟ್ಟುಕೊಂಡು ಓದುವವನನ್ನು ಇನ್ನೊಬ್ಬರ ಮುಂದೆ ಬಯಲಿಗೆಳೆಯಲೂ ಅವನ ಮೇಲೆ ಒಂದಿಷ್ಟು ಮರ್ಯಾದೆ ಇರಬೇಕಾಗುತ್ತದೆ. ನನ್ನಲ್ಲಿ ಅಷ್ಟೂ ಉಳಿದಿರಲಿಲ್ಲ.

ಡೈರೆಕ್ಟರರು ಐದು ನಿಮಿಷದಲ್ಲಿ ತೀರ್ಮಾನ ಮಾಡಿದರು. ಕ್ಯಾಮೆರಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಡಿಸ್ಕು ತರಿಸುವುದು. ಸರ್ವರಿನ ಡಿಸ್ಕುಗಳು ಮೊದಲು ಇದ್ದಂತೆಯೇ ಇರುವುದು. “ನಿನ್ನ ಮೆಮೊ ವಾಪಸ್. ಸರಿಯಾ?” ಎಂದು ನನ್ನ ಕಡೆ ನೋಡಿದರು, ಪ್ರಸಾದ ಕೊಟ್ಟವರ ಹಾಗೆ.

“ಸಾರ್, ಬ್ರಾಂಚುಗಳಿಗೆ ಹೋದ ಇ-ಮೇಲಿನಲ್ಲಿ ತಪ್ಪು ವ್ಯವಸ್ಥೆ ಎಂದು ಬರೆದಿದೆ. ಅದು ತಪ್ಪಲ್ಲ ಎಂದು ಇನ್ನೊಂದು ಮೇಲ್ ಕಳಿಸಿ,” ಎಂದೆ.

ಅವರಿಗೆ ಬೇಸರವಾಯಿತು. “ಹೋದದ್ದು ಹೋಯಿತು. ಇನ್ನೊಂದು ಕಳಿಸಿದರೆ ಮೊದಲಿನದು ಸುಳ್ಳು ಎಂದು ನಾವೇ ಹೇಳಿದ ಹಾಗೆ. ಯಾರು ನೆನಪಿಟ್ಟುಕೊಳ್ಳುತ್ತಾರೆ ಅದನ್ನೆಲ್ಲ? ಆಕೆಗೆ ಈಗ ಅದರಿಂದ ಏನಾಗಬೇಕಿದೆ?”

ನಾನು ಅವರ ಕೈಯಲ್ಲಿದ್ದ ನನ್ನ ಎರಡು ಹಾಳೆಗಳನ್ನು ನೋಡುತ್ತಿದ್ದೆ. ಮೆಮೊದ ಜೊತೆಗೆ ಪಿನ್ನು ಹಾಕಿದ್ದರು. ಅವಳ ಕೆಲಸ ಸರಿ ಎಂದು ಆ ಆಫೀಸಿನಲ್ಲಿ ಬರಹದಲ್ಲಿ ಇರುವುದು ಅದೊಂದೇ ಎಂದು ಆಗ ತಿಳಿಯಿತು.

“ಮೆಮೊ ವಾಪಸ್ ತೆಗೆದರೆ ಈ ಹಾಳೆಗಳು ಏನಾಗುತ್ತವೆ ಸಾರ್?”

“ಏನಾಗುತ್ತವೆ? ಮೆಮೊನೇ ಇಲ್ಲದ ಮೇಲೆ ಉತ್ತರ ಯಾಕೆ? ಎರಡೂ ತೆಗೆದು ಹಾಕುತ್ತಾರೆ.”

“ಹಾಗಾದರೆ ವಾಪಸ್ ಬೇಡ. ಮೆಮೊ ಇರಲಿ.”

ಮೂವರೂ ನನ್ನ ಮುಖ ನೋಡಿದರು. ಎಂಜಿನಿಯರ್ ಮೊದಲ ಸಲ ಎರಡೂ ಫೋನು ಕೆಳಗಿಟ್ಟ. ಮೆಮೊ ಇದ್ದರೆ ನಿನಗೇ ನಷ್ಟ, ನಾಳೆ ಬಡ್ತಿಯ ಹೊತ್ತಿಗೆ ಅಡ್ಡ ಬರುತ್ತದೆ ಎಂದು ಡೈರೆಕ್ಟರರು ಬಿಡಿಸಿ ಹೇಳಿದರು. ಗೊತ್ತು ಸಾರ್ ಎಂದೆ. ಭುಜ ಹಾರಿಸಿ ಕಾಗದಗಳನ್ನು ಮ್ಯಾನೇಜರನ ಕಡೆ ನೂಕಿದರು. “ಫೈಲ್ ಮಾಡು.”

ಹೊರಗೆ ಬಂದ ಮೇಲೆ ಮ್ಯಾನೇಜರು ಪಕ್ಕದಲ್ಲೇ ನಡೆದ.

“ಹುಚ್ಚು ಹಿಡದೈತೇನಪಾ ನಿನಗ? ಮಂದಿ ಮೆಮೊ ತಗಸ್ರಿ ಅಂತ ಕಾಲು ಹಿಡೀತಾರ. ನೀ ಇಡ್ರಿ ಅಂತಿ.”

“ಕನ್ನಡ ಭಾಳ ಚಲೋ ಬರ್ತೈತಲ್ರೀ ಸರ್ ನಿಮಗ,” ಎಂದೆ.

ಅವನು ಮುಂದೆ ಹೋದ. ನಾನು ಅವನ ಹಿಂದೆಯೇ ಆಫೀಸಿನವರೆಗೆ ಹೋದೆ. ಗುಮಾಸ್ತೆ ಕಾಗದಗಳಿಗೆ ಪಂಚ್ ಹೊಡೆದು, ನನ್ನ ಸರ್ವಿಸ್ ಫೈಲಿನ ದಾರಕ್ಕೆ ಪೋಣಿಸಿ, ಪುಟದ ನಂಬರು ಹಾಕಿ, ಕಬ್ಬಿಣದ ಕಪಾಟಿನಲ್ಲಿ ಇಟ್ಟು ಬಾಗಿಲು ಮುಚ್ಚುವವರೆಗೆ ಅಲ್ಲೇ ನಿಂತಿದ್ದೆ.

ಬೇರೆ ಕಡೆ ಕೆಲಸ ಸಿಗುವುದಿಲ್ಲವೇ, ಅಂಥವರ ನಡುವೆ ಯಾಕೆ ಇದ್ದೀ ಎಂದು ಬೀದರಿನಲ್ಲಿ ಅವಳ ಅಣ್ಣ ಕೇಳುತ್ತಾನೆ. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕರೆದೂ ಇದ್ದಾರೆ, ಮನೆಗೂ ಹತ್ತಿರ. ಆದರೆ ಕೆಲಸ ಬಿಟ್ಟು ಹೋದವರ ಫೈಲುಗಳನ್ನು ನಮ್ಮಲ್ಲಿ ವರ್ಷದ ಕೊನೆಗೆ ರದ್ದಿಗೆ ಹಾಕುತ್ತಾರೆ. ಕಪಾಟಿನಲ್ಲಿ ಜಾಗ ಬೇಕಲ್ಲ. ನಾನು ಅಲ್ಲಿ ಇರುವವರೆಗೆ ಆ ಎರಡು ಹಾಳೆ ಇರುತ್ತವೆ. ಅದಕ್ಕೇ ಬಿಟ್ಟಿಲ್ಲ.